ಕವಚ ತೂರುವ ಗುಂಡು ಯಾರಿಗೆ ಬೇಕು?

ಬುಲೆಟ್ ಪ್ರೂಫ್ ಜಾಕೆಟ್ಟನ್ನೂ ತೂರಿಕೊಂಡು ಹೋಗುವ ಗುಂಡನ್ನು ಸಾಮಾನ್ಯ ನಾಗರಿಕನಿಗೆ ಮಾರಬಹುದಾ, ಬಾರದಾ? ಅಮೆರಿಕದಲ್ಲಿ ಈ ಜಗಳ ನಲವತ್ತು ವರ್ಷದಿಂದ ನಡೀತಾ ಇದೆ. ಬಲ್ಮಠದ ಫ್ಲಾಟಿನಲ್ಲಿ ಕೂತು ಕೋಡ್ ಬರೆಯುವ ನನಗೂ ಅದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಎರಡು ಫೋನ್ ಕಾಲ್‌ಗಳು ಸಂಬಂಧ ಹುಟ್ಟಿಸಿದವು.

ಮೊದಲನೆಯದು ಟೆಕ್ಸಾಸ್‌ನಲ್ಲಿರುವ ಹಳೇ ಟೀಮ್‌ಮೇಟ್‌ನದ್ದು. ಊರಲ್ಲಿದ್ದಾಗ ಪಟಾಕಿಗೂ ಹೆದರುತ್ತಿದ್ದವ, ಈಗ ಎರಡು ಬಂದೂಕಿನ ಮಾಲೀಕ. ಅವನ ವಾದ ಸರಳ: "ಲೋಹಕ್ಕೆ ಪಾಪಪುಣ್ಯ ಇರ್ತದಾ ಮಾರಾಯ? ಕುದುರೆ ಎಳೆದ ಬೆರಳಿಗೆ ಶಿಕ್ಷೆ ಕೊಡಿ. ಗುಂಡಿಗೆ ಎಂತಕ್ಕೆ?" ಎರಡನೆಯದು ಅಪ್ಪನದ್ದು. ಅವರಿಗೆ ಎಪ್ಪತ್ತು ದಾಟಿತು. ಸುಳ್ಯದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಒಂದು ಒಂಟಿ ನಳಿಗೆಯ ಕೋವಿ ಉಂಟು. "ದೊಡ್ಡ ಮಗ ನೀನು. ನಿನ್ನ ಹೆಸರಿಗೆ ಮಾಡಿಸಿಕೊ. ಇಲ್ಲದಿದ್ರೆ ನಾನು ಹೋದ ಮೇಲೆ ಠಾಣೆಗೆ ಹೋಗ್ತದೆ ಅಷ್ಟೆ" ಅಂದರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎಪ್ಪತ್ತು ದಾಟಿದವರ ಲೈಸೆನ್ಸನ್ನು ವಾರಸುದಾರರಿಗೆ ಕೊಡಲಿಕ್ಕೆ ಅವಕಾಶ ಇದೆ.

ಒಬ್ಬ ಕೇಳಿದ್ದು ಏನನ್ನು ಯಾಕೆ ನಿಷೇಧಿಸಬೇಕು ಅಂತ. ಇನ್ನೊಬ್ಬರು ಕೇಳಿದ್ದು ಏನನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ. ಯೋಚಿಸುತ್ತಾ ಹೋದಂತೆ ಇವೆರಡೂ ಒಂದೇ ಪ್ರಶ್ನೆ ಅನ್ನಿಸಿತು.

ಮೊದಲು ಗೆಳೆಯನ ಲೋಹದ ಕತೆ ನೋಡೋಣ. 1960ರ ದಶಕದಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಕಾಪ್ಶ್, ಟರ್ಕಸ್, ವಾರ್ಡ್ ಎಂಬ ಮೂವರು ಸೇರಿ ಒಂದು ಹೊಸ ಗುಂಡು ಮಾಡಿದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದಕ್ಕೆ ಕೆಟಿಡಬ್ಲ್ಯೂ ಎಂದು ಹೆಸರು. ಮಾಡಿದ್ದು ಕಳ್ಳರಿಗಲ್ಲ, ಪೊಲೀಸರಿಗೆ. ಮಾಮೂಲಿ ಸೀಸದ ಗುಂಡು ಮೆತ್ತಗೆ. ಓಡಿಹೋಗುವ ಕಾರಿನ ಬಾಗಿಲಿಗೆ ತಾಗಿದರೆ ಚಪ್ಪಟೆಯಾಗುತ್ತಿತ್ತು. ಅದಕ್ಕೇ ಗಟ್ಟಿ ಲೋಹದ ಗುಂಡು. ಆಗ ಪೊಲೀಸರಿಗೆ ಅಂಗಿಯೊಳಗೆ ಹಾಕಿಕೊಳ್ಳುವಂಥ ಹಗುರ ಜಾಕೆಟ್ಟೇ ಇರಲಿಲ್ಲ. 1965ರಲ್ಲಿ ಡ್ಯುಪಾಂಟ್ ಕಂಪನಿಯ ವಿಜ್ಞಾನಿ ಸ್ಟೆಫನಿ ಕ್ವಾಲೆಕ್ ಕೆವ್ಲಾರ್ ಹುಟ್ಟುವುದಕ್ಕೆ ಕಾರಣವಾದ ನಾರನ್ನು ಕಂಡುಹಿಡಿದರು. 70ರ ದಶಕದಲ್ಲಿ ಕೆವ್ಲಾರ್ ಜಾಕೆಟ್ ಪೊಲೀಸರ ಮೈಮೇಲೆ ಬಂತು. ಪೊಲೀಸರಿಗಾಗಿ ಹುಟ್ಟಿದ ಗುಂಡು ಈಗ ಪೊಲೀಸರ ಎದೆಗೇ ಅಪಾಯ. ಗುಂಡು ಬದಲಾಗಲಿಲ್ಲ, ಅದರ ಮುಂದೆ ನಿಂತದ್ದು ಬದಲಾಯಿತು.

1982ರಲ್ಲಿ ಎನ್‌ಬಿಸಿ ಟಿವಿ ಈ ಬಗ್ಗೆ ಕಾರ್ಯಕ್ರಮ ಮಾಡಿತು. 'ಪೊಲೀಸರನ್ನು ಕೊಲ್ಲುವ ಗುಂಡು' ಎಂಬ ಹೆಸರು ಅಂಟಿಕೊಂಡಿತು. ತಮಾಷೆ ಏನೆಂದರೆ ಜನರ ಕಣ್ಣಿಗೆ ಬಿದ್ದದ್ದು ಗುಂಡಿನ ಮೇಲಿದ್ದ ಟೆಫ್ಲಾನ್ ಲೇಪ. ನಮ್ಮ ದೋಸೆ ಕಾವಲಿಯ ಮೇಲಿರುತ್ತದಲ್ಲ, ಅದೇ. ಅದು ಇದ್ದದ್ದು ಬಂದೂಕಿನ ನಳಿಗೆ ಸವೆಯದಿರಲಿ ಎಂದು. ಜಾಕೆಟ್ ತೂರುವುದಕ್ಕೂ ಟೆಫ್ಲಾನ್‌ಗೂ ಸಂಬಂಧವೇ ಇರಲಿಲ್ಲ. ಆದರೂ ಕೆಲವು ರಾಜ್ಯಗಳು ಟೆಫ್ಲಾನ್ ಲೇಪದ ಗುಂಡನ್ನೇ ಹೆಸರಿಸಿ ನಿಷೇಧಿಸಿದವು. ಸಾಫ್ಟ್‌ವೇರಿನವರಿಗೆ ಇದು ಗುರುತಿನ ಕಾಯಿಲೆ. ಬಗ್ ಎಲ್ಲೋ ಇರ್ತದೆ, ಫಿಕ್ಸ್ ಇನ್ನೆಲ್ಲೋ ಹೋಗ್ತದೆ, ಟಿಕೆಟ್ ಕ್ಲೋಸ್ ಆಗ್ತದೆ.

1986ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಲು ಹೊರಟಾಗ ನಿಜವಾದ ತೊಡಕು ಎದುರಾಯಿತು. 'ಕವಚ ತೂರುವ ಗುಂಡು' ಅಂದರೆ ಯಾವುದು? ಜಾಕೆಟ್ಟನ್ನು ತೂರುವ ಎಲ್ಲ ಗುಂಡೂ ಅಂದರೆ, ಜಿಂಕೆ ಹೊಡೆಯುವ ಮಾಮೂಲಿ ರೈಫಲ್ ಗುಂಡೂ ಅದರಲ್ಲಿ ಬರ್ತದೆ. ರೈಫಲ್ಲಿನ ವೇಗವೇ ಅಷ್ಟು. ಪೊಲೀಸರ ಹಗುರ ಜಾಕೆಟ್ ಇರುವುದು ಪಿಸ್ತೂಲಿನ ಗುಂಡು ತಡೆಯಲಿಕ್ಕೆ. ಹಾಗಾಗಿ ಕೊನೆಗೆ ಕಾಯ್ದೆ ಗುಂಡು ಏನು ಮಾಡುತ್ತದೆ ಅನ್ನುವುದನ್ನು ಬಿಟ್ಟು ಅದು ಯಾವುದರಿಂದ ಆಗಿದೆ ಅನ್ನುವುದನ್ನು ಹಿಡಿದುಕೊಂಡಿತು. ಪಿಸ್ತೂಲಿನಲ್ಲಿ ಬಳಸಬಹುದಾದ, ಟಂಗ್‌ಸ್ಟನ್, ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು ಮುಂತಾದವುಗಳ ತಿರುಳಿರುವ ಗುಂಡುಗಳ ತಯಾರಿಕೆ, ಆಮದಿಗೆ ತಡೆ. ಬೇಟೆ, ಕ್ರೀಡೆಗೆ ಬಳಕೆಯಾಗುವಂಥದ್ದಕ್ಕೆ ವಿನಾಯಿತಿ.

ಆ ವಿನಾಯಿತಿಯೇ ಮುಂದೆ ಜಗಳಕ್ಕೆ ಕಾರಣವಾಯಿತು. ಎಂ855 ಎಂಬ ಹಸಿರು ತುದಿಯ ರೈಫಲ್ ಗುಂಡಿಗೆ ಆಗ ವಿನಾಯಿತಿ ಸಿಕ್ಕಿತ್ತು. ಆಮೇಲೆ ಅದೇ ಗುಂಡು ಹಾಕಬಹುದಾದ ಪಿಸ್ತೂಲುಗಳೂ ಮಾರುಕಟ್ಟೆಗೆ ಬಂದವು. 2015ರ ಫೆಬ್ರವರಿಯಲ್ಲಿ ಅಲ್ಲಿನ ಶಸ್ತ್ರಾಸ್ತ್ರ ಇಲಾಖೆ ವಿನಾಯಿತಿ ತೆಗೆಯುವ ಪ್ರಸ್ತಾಪ ಇಟ್ಟಿತು. ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವು, ಬಹುಪಾಲು ವಿರೋಧವೇ. ಮಾರ್ಚಿನಲ್ಲಿ ಪ್ರಸ್ತಾಪವನ್ನು ಕೈಬಿಟ್ಟರು.

ಇಲ್ಲಿಯವರೆಗೆ ಗೆಳೆಯ ಗೆದ್ದ ಹಾಗೇ ಕಾಣುತ್ತದೆ. ಲೋಹ ನೋಡಿ ಪಾಪ ಅಳೆಯಲು ಹೋದವರು ಎಡವಿದ್ದಾರೆ. ಇನ್ನೂ ಸ್ವಲ್ಪ ಹಿಂದೆ ಹೋದರೆ ಅವನ ವಾದಕ್ಕೆ ಮತ್ತೂ ಬಲ ಬರ್ತದೆ. ಕಲ್ಕತ್ತಾದ ಹತ್ತಿರ ಡಮ್‌ಡಮ್ ಎಂಬ ಊರು ಗೊತ್ತಲ್ಲ, ವಿಮಾನ ನಿಲ್ದಾಣ ಇರುವಲ್ಲಿ. ಅಲ್ಲಿನ ಬ್ರಿಟಿಷ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಒಂದು ಗುಂಡು ತಯಾರಾಯಿತು. ಮೈಗೆ ಹೊಕ್ಕ ಮೇಲೆ ತುದಿ ಅರಳಿ ಒಳಗನ್ನೆಲ್ಲ ಹರಿದುಹಾಕುವ ಗುಂಡು. 1899ರಲ್ಲಿ ಹೇಗ್ ಸಮ್ಮೇಳನ ಯುದ್ಧದಲ್ಲಿ ಅಂಥ ಗುಂಡು ಬೇಡ ಅಂತ ಘೋಷಿಸಿತು. ಬ್ರಿಟನ್ ಒಪ್ಪಲಿಲ್ಲ. 'ನಾಗರಿಕ' ದೇಶದ ಸೈನಿಕ ಒಂದು ಗುಂಡಿಗೆ ಬೀಳುತ್ತಾನೆ, 'ಅನಾಗರಿಕರು' ಬೀಳುವುದಿಲ್ಲ ಎನ್ನುವ ಅರ್ಥದ ವಾದ ಅವರದ್ದು. ಅನಾಗರಿಕರು ಅಂದರೆ ನಾವು ನೀವು, ಮತ್ತೆ ಆಫ್ರಿಕಾದವರು. 1907ರಲ್ಲಷ್ಟೇ ಬ್ರಿಟನ್ ಒಪ್ಪಿಕೊಂಡಿತು.

ಈಗ ವಿಚಿತ್ರ ನೋಡಿ. ಯುದ್ಧದಲ್ಲಿ ದೇಹದೊಳಗೆ ಅರಳಿ ನಿಲ್ಲುವ ಗುಂಡು ನಿಷಿದ್ಧ. ಕವಚ ತೂರುವ ಗುಂಡಿಗೆ ಅಡ್ಡಿ ಇಲ್ಲ. ಪೇಟೆಯಲ್ಲಿ ಉಲ್ಟಾ. ಅನೇಕ ದೇಶಗಳ ಪೊಲೀಸರು ಅರಳುವ ಗುಂಡನ್ನೇ ಬಳಸುತ್ತಾರೆ. ಒಬ್ಬನನ್ನು ತೂರಿ ಹಿಂದೆ ನಿಂತವರಿಗೂ ತಾಗದಿರಲಿ ಅಂತ. ತೂರಿ ಹೋಗುವುದಕ್ಕೆ ಮಾತ್ರ ನಿಷೇಧ. ಒಂದೇ ವಸ್ತು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಹಾಗಾದರೆ ಲೋಹಕ್ಕೆ ಪಾಪ ಇಲ್ಲ ಅನ್ನುವುದು ಖರೆ.

ಆದರೆ ಅಲ್ಲಿಂದ 'ಯಾವುದನ್ನೂ ನಿಷೇಧಿಸಬಾರದು' ಅನ್ನುವ ತೀರ್ಮಾನಕ್ಕೆ ಹಾರುವುದು ಸರಿಯಲ್ಲ. ವಸ್ತುವಿನಲ್ಲಿ ಪಾಪ ಇಲ್ಲದಿದ್ದರೂ, ಅದರಿಂದ ಯಾರಿಗೆ ಏನು ಹೆಚ್ಚುವರಿ ಶಕ್ತಿ ಬರುತ್ತದೆ, ಆ ಶಕ್ತಿ ಯಾರ ಎದುರು ಕೆಲಸ ಮಾಡುತ್ತದೆ ಅನ್ನುವುದನ್ನು ಕೇಳಬಹುದಲ್ಲ? ಗೆಳೆಯನ ಕೈಯಲ್ಲಿರುವ ಸಾಮಾನ್ಯ ಗುಂಡು ಗುರಿ ಹಲಗೆಯನ್ನು ಹೊಡೆಯುತ್ತದೆ, ಮನೆಗೆ ನುಗ್ಗಿದ ಕಳ್ಳನನ್ನು ತಡೆಯುತ್ತದೆ, ಹಂದಿಯನ್ನು ಬೀಳಿಸುತ್ತದೆ. ಇದ್ಯಾವುದಕ್ಕೂ ಕವಚ ಇಲ್ಲ. ಪಿಸ್ತೂಲಿಗೆ ಉಕ್ಕಿನ ತಿರುಳಿನ ಗುಂಡು ಹಾಕಿದರೆ ಅವನಿಗೆ ಹೆಚ್ಚಿಗೆ ಸಿಗುವುದು ಒಂದೇ ಒಂದು: ಎದುರಿನವ ಜೀವ ಉಳಿಸಿಕೊಳ್ಳಲಿಕ್ಕೆ ಹಾಕಿಕೊಂಡದ್ದನ್ನು ಸೋಲಿಸುವ ಶಕ್ತಿ.

ಕರ್ಣನ ಕತೆಯಲ್ಲಿ ನಮಗೆಲ್ಲ ಗೊತ್ತಿರುವ ಭಾಗ ಇದೇ. ಕರಾವಳಿಯಲ್ಲಿ ಬೆಳೆದವರು ಕರ್ಣನ ಪ್ರಸಂಗವನ್ನು ಆಟದಲ್ಲೋ ತಾಳಮದ್ದಳೆಯಲ್ಲೋ ಕೇಳದೇ ಇರುವುದು ಕಷ್ಟ. ಅರ್ಜುನನ ಬಾಣ ಕರ್ಣನನ್ನು ಕೊಂದದ್ದಕ್ಕಿಂತ, ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಕೇಳಿಕೊಂಡು ಹೋದದ್ದು ಕೇಳುಗರಿಗೆ ಹೆಚ್ಚು ಚುಚ್ಚುತ್ತದೆ. ಇಂದ್ರ ಕರ್ಣನ ಮೈ ಮುಟ್ಟಲಿಲ್ಲ, ಬಾಣ ಬಿಡಲಿಲ್ಲ. ಆದರೂ ಅನ್ಯಾಯ ಅಲ್ಲೇ ಆಯಿತು ಅನ್ನಿಸುತ್ತದೆ. ಯುದ್ಧದಲ್ಲಿ ಸಾಯುವುದು ಬೇರೆ, ಸಾಯದಿರಲು ಇದ್ದ ದಾರಿಯನ್ನೇ ತೆಗೆಯುವುದು ಬೇರೆ. ನಮ್ಮ ಅಜ್ಜಿಯಂದಿರಿಗೂ ಈ ವ್ಯತ್ಯಾಸ ಗೊತ್ತಿತ್ತು.

ಸರಿ, ಆದರೆ ಕವಚ ತೊಟ್ಟವನು ಯಾವಾಗಲೂ ಕರ್ಣನೇ ಆಗಬೇಕೆಂದಿಲ್ಲ. 1997ರ ಫೆಬ್ರವರಿ 28ರಂದು ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್‌ನಲ್ಲಿ ಬ್ಯಾಂಕ್ ದೋಚಲು ಬಂದ ಇಬ್ಬರು ಮೈತುಂಬ ಕವಚ ಹಾಕಿಕೊಂಡಿದ್ದರು. ಪೊಲೀಸರ ಪಿಸ್ತೂಲಿನ ಗುಂಡು ಅವರಿಗೆ ತಾಗಿಯೂ ತಾಗದ ಹಾಗೆ. ಪೊಲೀಸರು ಹತ್ತಿರದ ಬಂದೂಕಿನ ಅಂಗಡಿಯಿಂದ ರೈಫಲ್ ತರಿಸಿಕೊಳ್ಳಬೇಕಾಯಿತು. ನಮ್ಮ ಬಲ್ಮಠದ ಸುತ್ತಲೂ ಒಂದು ಕತೆ ಉಂಟು. ಬಾಸೆಲ್ ಮಿಷನ್‌ನವರು ಇಲ್ಲಿ ಅಚ್ಚುಕೂಟ, ನೇಯ್ಗೆ, ಹಂಚು ಅಂತ ಏನೇನೋ ಶುರು ಮಾಡಿದ್ದು ನಿಮಗೆ ಗೊತ್ತು. 1850ರ ದಶಕದಲ್ಲಿ ಅವರ ನೇಯ್ಗೆ ಶಾಲೆಯಲ್ಲಿದ್ದ ಹಾಲರ್ ಎಂಬಾತ ಖಾಕಿ ಬಣ್ಣ ಹಾಕುವ ವಿಧಾನ ಕಂಡುಕೊಂಡ, ಅದು ಪೊಲೀಸರಿಗೂ ಆಮೇಲೆ ಬ್ರಿಟಿಷ್ ಸೈನ್ಯಕ್ಕೂ ಹೋಯಿತು ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳ್ತಾರೆ. ಖಾಕಿಗೆ ಪಂಜಾಬಿನ ಗಡಿಯವರೂ ಹಕ್ಕು ಹೇಳುತ್ತಾರೆ, ಆ ಜಗಳ ಇರಲಿ. ಮಣ್ಣಿನ ಬಣ್ಣದ ಬಟ್ಟೆಯೂ ಒಂದು ಕವಚ. ಶತ್ರುವಿನ ಕಣ್ಣಿಗೆ ಬೀಳದಂತೆ ಕಾಪಾಡುತ್ತದೆ. ಆದರೆ ಅದನ್ನು ತೊಟ್ಟವರು ಯಾರ ಮೇಲೆ ಹೋದರು ಅಂತ ಇತಿಹಾಸ ಓದಿದವರಿಗೆ ಗೊತ್ತು. ಕವಚ ದಾಳಿ ಮಾಡುವವನನ್ನೂ ಕಾಯುತ್ತದೆ.

ಗೆಳೆಯನ ಎರಡನೇ ವಾದ ಇಲ್ಲಿಂದಲೇ ಬರುವುದು. "ಕವಚ ಹಾಕಿದವರು ಸರಕಾರದವರೇ ಆಗಿ, ಅವರೇ ತಪ್ಪು ದಾರಿ ಹಿಡಿದರೆ?" ಇದನ್ನು ಅಮೆರಿಕದ ಹುಚ್ಚು ಅಂತ ನಗಾಡಿ ಬಿಡಲಿಕ್ಕೆ ನನಗೆ ಆಗುವುದಿಲ್ಲ. ಬಲ್ಮಠದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾವುಟಗುಡ್ಡೆ ಇದೆ. 1837ರಲ್ಲಿ ನಮ್ಮ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು, ಕಂಪನಿಯ ಬಾವುಟ ಇಳಿಸಿ, ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿತ್ತು. ಆಮೇಲೆ ಗಲ್ಲುಗಳಾದವು. 1857ರ ನಂತರ ಬ್ರಿಟಿಷರು ದೇಶದ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಾ ಹೋದರು. ನಂಬಿಕಸ್ತರು ಅಂತ ಅನ್ನಿಸಿದವರಿಗೆ ಬಿಟ್ಟರು. 1861ರಲ್ಲಿ ಕೊಡವರಿಗೆ ಸಿಕ್ಕ ವಿನಾಯಿತಿಯ ಹಿಂದೆ ಅವರ ಶೌರ್ಯದ ಜೊತೆಗೆ ನಿಷ್ಠೆಯ ಮೆಚ್ಚುಗೆಯೂ ಇತ್ತು. ಲಿಟ್ಟನ್ ಕಾಲದ 1878ರ ಕಾಯ್ದೆಯಲ್ಲಿ ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿನವನಿಗೆ ಬೇಡ. ಗಾಂಧೀಜಿಗೂ ಇದು ಅವಮಾನ ಅನ್ನಿಸಿತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು ಅವರು ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಒಂದು, ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕು ಅನ್ನುವುದು. ಅಹಿಂಸೆಯ ಮನುಷ್ಯ ಕೇಳಿದ್ದು ಅದನ್ನು! ಆದರೆ ಆ ಬೇಡಿಕೆಯಲ್ಲೇ ಒಂದು ಷರತ್ತೂ ಇತ್ತು: ಅದು ಜನರ ನಿಯಂತ್ರಣಕ್ಕೆ ಒಳಪಟ್ಟಿರಬೇಕು.

ನನಗೆ ಆ ಷರತ್ತೇ ಮುಖ್ಯ ಅನ್ನಿಸುತ್ತದೆ. ಗಾಂಧೀಜಿ 'ಬಂದೂಕು ನನ್ನ ಜನ್ಮಸಿದ್ಧ ಹಕ್ಕು, ಯಾರೂ ಕೇಳಬಾರದು' ಅನ್ನಲಿಲ್ಲ. ಕೇಳುವವರು ಪರದೇಶಿಯಾಗಿರಬಾರದು, ಉತ್ತರ ಕೊಡಬೇಕಾದ ನಮ್ಮವರಾಗಿರಬೇಕು ಅಂದರು. ಸರಕಾರದ ಮೇಲಿನ ಭಯಕ್ಕೆ ಮದ್ದು ಜಾಕೆಟ್ ತೂರುವ ಗುಂಡಲ್ಲ. ಯಾಕೆಂದರೆ ಆ ಗುಂಡು ಬೀಳುವುದು ಸರಕಾರದ ಮೇಲೆ ಅಲ್ಲ, ರಾತ್ರಿ ಪಾಳಿಯ ಒಬ್ಬ ಕಾನ್‌ಸ್ಟೇಬಲ್ ಮೇಲೆ. ಅವನಿಗೂ ಹಳ್ಳಿಯಲ್ಲಿ ಅಪ್ಪ ಇರ್ತಾರೆ.

ನಮ್ಮ ದೇಶದಲ್ಲಿ ಈ ಚರ್ಚೆ ಬೇರೆಯದೇ ರೂಪದಲ್ಲಿ ಬಂತು. 2017ರ ಕೊನೆಯ ದಿನ ಕಾಶ್ಮೀರದ ಲೆತ್‌ಪೋರಾದ ಸಿಆರ್‌ಪಿಎಫ್ ಶಿಬಿರದ ಮೇಲೆ ದಾಳಿಯಾದಾಗ ಉಗ್ರರು ಗಟ್ಟಿ ಉಕ್ಕಿನ ತಿರುಳಿನ ಗುಂಡು ಬಳಸಿದ್ದರು ಎಂದು ವರದಿಯಾಯಿತು. ಗುಂಡನ್ನು ನಿಷೇಧಿಸಿ ಅಂತ ಯಾರಿಗೆ ಹೇಳುವುದು? ಉತ್ತರ ಜಾಕೆಟ್ಟಿನ ಕಡೆಯಿಂದಲೇ ಬರಬೇಕಿತ್ತು. 2018ರಲ್ಲಿ ಸೇನೆಗೆ ಅಂಥ ಗುಂಡು ತಡೆಯುವ 1,86,138 ಜಾಕೆಟ್‌ಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅದೇ ವರ್ಷ ಬಿಐಎಸ್ ಜಾಕೆಟ್ಟುಗಳಿಗೆ ಐಎಸ್ 17051 ಎಂಬ ಮಾನದಂಡ ತಂದಿತು. ಆದರೆ ಗಟ್ಟಿ ಜಾಕೆಟ್ ಅಂದರೆ ಭಾರದ ಜಾಕೆಟ್. ಪ್ರತಿ ಹೊಸ ಗುಂಡಿಗೆ ಒಂದೊಂದು ಹೊಸ ತಗಡು ಸೇರಿಸುತ್ತಾ ಹೋದರೆ, ಹೊತ್ತುಕೊಂಡು ಓಡುವವನು ಮನುಷ್ಯನೇ ತಾನೇ? ಈ ಓಟಕ್ಕೆ ಗಡಿಯಲ್ಲಿ ಕೊನೆ ಇಲ್ಲದಿರಬಹುದು. ಪೇಟೆಯೊಳಗೂ ಅದೇ ಓಟ ಯಾಕೆ ಬೇಕು? ನಿಷೇಧ ಅನ್ನುವುದು ಕನಿಷ್ಠ ಒಂದು ಜಾಗದಲ್ಲಿ ಈ ಓಟ ನಿಲ್ಲಿಸುವ ಪ್ರಯತ್ನ.

ಇನ್ನು ಅಪ್ಪನ ಕೋವಿ. ನಮ್ಮ 1959ರ ಕಾಯ್ದೆಯ ದಾರಿ ಅಮೆರಿಕದ್ದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಯಾವುದು ಬೇಡ ಅಂತ ಪಟ್ಟಿ ಮಾಡಿ, ಉಳಿದದ್ದು ನಿಮ್ಮದು ಅಂತಾರೆ. ಇಲ್ಲಿ ಎಲ್ಲದಕ್ಕೂ ಮೊದಲೇ ಬಾಗಿಲು ಹಾಕಿ, ನಿಮಗೆ ಯಾಕೆ ಬೇಕು ಹೇಳಿ ಅಂತಾರೆ. ಎಷ್ಟು ತೋಟೆ ಇಟ್ಟುಕೊಳ್ಳಬಹುದು ಅನ್ನುವುದೂ ಲೈಸೆನ್ಸಿನಲ್ಲಿ ಬರೆದಿರುತ್ತದೆ. ಬಾಂಬು, ಗ್ರೆನೇಡು, ರಾಕೆಟ್ಟುಗಳ ಜೊತೆ ಇನ್ನು ಯಾವುದನ್ನಾದರೂ 'ನಿಷೇಧಿತ ಮದ್ದುಗುಂಡು' ಅಂತ ಸೇರಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಇದೆ. 2019ರಲ್ಲಿ ಒಬ್ಬರ ಹತ್ತಿರ ಮೂರರ ಬದಲು ಒಂದೇ ಬಂದೂಕು ಸಾಕು ಅಂತ ಮಸೂದೆ ತಂದು, ವಿರೋಧ ಬಂದ ಮೇಲೆ ಎರಡಕ್ಕೆ ನಿಲ್ಲಿಸಿದರು.

ಈ ಪದ್ಧತಿಯಲ್ಲಿ ಭಾರ ಬೀಳುವುದು ಪ್ರಾಮಾಣಿಕನ ಮೇಲೆ ಅನ್ನುವ ದೂರು ಸುಳ್ಳಲ್ಲ. ದಕ್ಷಿಣ ಕನ್ನಡ, ಕೊಡಗಿನವರಿಗೆ ಚುನಾವಣೆ ಬಂತೆಂದರೆ ಮೊದಲು ನೆನಪಾಗುವುದು ಕೋವಿ ಠೇವಣಿ. ಪ್ರತಿಯೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸುವ ಸಮಿತಿ ಇರಬೇಕು ಅಂತ ಚುನಾವಣಾ ಆಯೋಗದ ಸೂಚನೆಯೇ ಇದ್ದರೂ, ಕೃಷಿಕರ ಅನುಭವಕ್ಕೆ ಬರುವುದು ಹೆಚ್ಚಾಗಿ 'ಎಲ್ಲರೂ ತಂದಿಡಿ' ಅನ್ನುವುದು. ತಿಂಗಳುಗಟ್ಟಲೆ ಕೋವಿ ಅಲ್ಲಿ, ಹಂದಿ ಮಂಗ ಇಲ್ಲಿ. ಹಂದಿಗೆ ನೀತಿ ಸಂಹಿತೆ ಇಲ್ಲ. ಇನ್ನೊಂದು ತುದಿಯಲ್ಲಿ ಕೊಡಗು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ವಜಾ ಮಾಡಿತು. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆಗೆ ಅದು ಬರೀ ಆಯುಧ ಅಲ್ಲ ಅನ್ನುವುದು ನನಗೆ ಅರ್ಥ ಆಗ್ತದೆ. ಪಕ್ಕದ ಸುಳ್ಯದ ರೈತ, ನಮ್ಮದು ಯಾಕೆ ಆಗಬಾರದು ಅಂತ ಕೇಳುವುದೂ ಅರ್ಥ ಆಗ್ತದೆ.

ನಂಬಿಕೆಯನ್ನು ಜಿಲ್ಲೆ ನೋಡಿ, ಕುಲ ನೋಡಿ ಹಂಚುವುದಕ್ಕಿಂತ ಅಗತ್ಯ ನೋಡಿ ಹಂಚುವುದು ಹೆಚ್ಚು ನ್ಯಾಯ ಅಂತ ನನ್ನ ಅಭಿಪ್ರಾಯ. ಅಗತ್ಯ ಅನ್ನುವ ಅಳತೆಗೋಲು ಹಿಡಿದರೆ ಮೊದಲಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಅಪ್ಪನ ಕೋವಿಯ ಹಿಂದೆ ಒಂದು ತೋಟ ಇದೆ. ಅದರಲ್ಲಿ ಈಡು ಹೊಡೆದರೆ ಎಷ್ಟೋ ಸಲ ಶಬ್ದವೇ ಕೆಲಸ ಮಾಡುತ್ತದೆ; ಕಾಡುಹಂದಿಯನ್ನು ಮನಸ್ಸಿಗೆ ಬಂದ ಹಾಗೆ ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ. ಕವಚ ತೂರುವ ಗುಂಡಿನ ಹಿಂದೆ ಅಂಥ ತೋಟ ಯಾವುದಿದೆ? ಹಂದಿ ಜಾಕೆಟ್ ಹಾಕುವುದಿಲ್ಲ. 'ನನಗೆ ಬೇಕು, ನನ್ನ ಹತ್ತಿರ ಇದ್ದರೆ ಯಾರಿಗೂ ತೊಂದರೆ ಇಲ್ಲ' ಅನ್ನುವುದು ಗೆಳೆಯನ ವಿಷಯದಲ್ಲಿ ನಿಜವೇ ಇರಬಹುದು. ಆದರೆ ಅವನು ಬಿಟ್ಟುಕೊಡುವುದು ಶನಿವಾರದ ಒಂದು ಹವ್ಯಾಸದ ಸಣ್ಣ ಭಾಗ. ಬಿಟ್ಟುಕೊಡದಿದ್ದರೆ ಬೇರೆಯವನೊಬ್ಬ ಕಳೆದುಕೊಳ್ಳಬಹುದಾದದ್ದು ಜೀವ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಮುಳ್ಳು ಯಾವ ಕಡೆ ವಾಲುತ್ತದೆ ಅನ್ನುವುದಕ್ಕೆ ದೊಡ್ಡ ತತ್ವಜ್ಞಾನ ಬೇಡ.

ಇದೇ ಅಳತೆಗೋಲನ್ನು ನನಗೂ ಹಿಡಿಯಬೇಕಲ್ಲ. ಕೋವಿ ನನ್ನ ಹೆಸರಿಗೆ ಬಂದರೆ ಖುಷಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಜ್ಜ, ಅಪ್ಪ, ಆಮೇಲೆ ನಾನು ಅನ್ನುವ ಸಾಲು ಯಾರಿಗೆ ಬೇಡ? ಆದರೆ ನಾಲ್ಕನೇ ಮಹಡಿಯ ನನ್ನ ಫ್ಲಾಟಿನಲ್ಲಿ ಕಾಯಬೇಕಾದ ಬೆಳೆ ಅಂದರೆ ಬಾಲ್ಕನಿಯ ಕುಂಡದ ಬಸಳೆ. ತೋಟದಲ್ಲಿ ಇರುವವನು ತಮ್ಮ. ರಾತ್ರಿ ಟಾರ್ಚ್ ಹಿಡಿದು ಏಳುವವನು ಅವನು. "ಲೈಸೆನ್ಸ್ ಅವನ ಹೆಸರಿಗೆ ಆಗಲಿ ಅಪ್ಪ" ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದೊಡ್ಡವ ನೀನು ಇರುವಾಗ ಅವನಿಗೆ ಕೊಟ್ರೆ ಜನ ಎಂತ ಹೇಳಿಯಾರು" ಅಂದರು. ಅವರಿಗೆ ಅದು ಪಾಲಿನ ಪ್ರಶ್ನೆ. ಅವರನ್ನು ಇನ್ನೂ ಪೂರ್ತಿ ಒಪ್ಪಿಸಲಿಕ್ಕೆ ಆಗಿಲ್ಲ.

ಗೆಳೆಯನನ್ನೂ ಒಪ್ಪಿಸಲಿಕ್ಕೆ ಆಗಿಲ್ಲ. ಅವನ ಕೊನೆಯ ಪ್ರಶ್ನೆ ಗಟ್ಟಿಯಾಗಿದೆ: "ಅಗತ್ಯ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವವರು ಯಾರು? ಮೇಜಿನ ಆಚೆ ಕೂತ ಒಬ್ಬ ಅಧಿಕಾರಿಯಾ?" ಹೌದು, ಅವರೇ. ಅದಕ್ಕೇ ಕಾಯ್ದೆಯ ಇನ್ನೊಂದು ಸಾಲನ್ನು ಅವನಿಗೆ ತೋರಿಸಿದೆ. ಲೈಸೆನ್ಸ್ ನಿರಾಕರಿಸುವ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಕೇಳಿದರೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನುವ ಸಂದರ್ಭ ಬಿಟ್ಟು. ಅದರ ಮೇಲೆ ಮೇಲ್ಮನವಿ ಹಾಕಬಹುದು. ನನಗೆ ಯಾಕೆ ಬೇಕು ಅಂತ ನಾನು ಬರೆದುಕೊಡಬೇಕು, ಯಾಕೆ ಕೊಡುವುದಿಲ್ಲ ಅಂತ ಅವರು ಬರೆದುಕೊಡಬೇಕು. ನಿಷೇಧವನ್ನು ಒಪ್ಪುವ ನಮ್ಮಂಥವರು ಈ ಎರಡನೇ ಅರ್ಧವನ್ನು ಮರೆತರೆ ಗೆಳೆಯನ ಭಯವೇ ನಿಜವಾಗುತ್ತದೆ. ತಮ್ಮನ ಅರ್ಜಿಯನ್ನು ಬರೆದುಕೊಡುವ ಕೆಲಸ ನನ್ನದು. 'ಯಾಕೆ ಬೇಕು' ಅನ್ನುವ ಕಾಲಂನಲ್ಲಿ ತೋಟದ ಸರ್ವೆ ನಂಬರ್ ಬರೆದರೆ ಸಾಕು ಅನ್ನಿಸಿದೆ.